ಕಥೆಯೊಳಗಿನ ಹೂರಣ

ದುರ್ಗಾದೇವಿ ಗುಡಿಯ ಅಂಗಳ ದಾಟಿ ಬಂಡೆಯ ನೆರಳಿಗೆ ಬಂದು ಕೂತಾಗ ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಹೇಮಗುಡ್ಡದ ಕೋಟೆ ಹತ್ತಿ ಇಳಿದಿದ್ದ ಆರನೇ ಕ್ಲಾಸಿನ ಹನ್ನೊಂದು ಮಕ್ಕಳು, ಅವರ ಜೊತೆ ನಾನು. ಗಂಗಾವತಿಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪೊಟ್ಟಣಗಳನ್ನು ಬಿಚ್ಚಿದೆವು. ನಮ್ಮ ಬೆನ್ನಿಗಿದ್ದ ಬಂಡೆ ಬಿಸಿಲಿಗೆ ಕಾದಿತ್ತು. ಯಾರೋ ಒಂದರ ಮೇಲೊಂದು ಹುಷಾರಾಗಿ ಜೋಡಿಸಿಟ್ಟ ಹಾಗೆ ಕಾಣುವ ಈ ಸೀಮೆಯ ಕಲ್ಲುಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎಂದು ಅಷ್ಟೊತ್ತಿಗೆ ಹೇಳಿ ಮುಗಿಸಿದ್ದೆ. ಈಗ ಯಾರಿಗೂ ಪಾಠ ಬೇಕಾಗಿರಲಿಲ್ಲ, ಮಿರ್ಚಿ ಬೇಕಾಗಿತ್ತು.

ಮಿರ್ಚಿ ಮುಗಿಯಿತು. ಒಬ್ಬ ಹುಡುಗ ಕೈಯಲ್ಲುಳಿದ ಹಳೇ ಪೇಪರಿನ ತುಂಡನ್ನು ನೇರ ಮಾಡಿಕೊಂಡು ದಪ್ಪ ಅಕ್ಷರದ ತಲೆಬರಹವನ್ನು ಕೂಡಿಸಿ ಕೂಡಿಸಿ ಓದಿದ. ಯಾವುದೋ ಸಭೆ 'ಫಾರ್ಸ್' ಆಯಿತು ಎಂದು ಅದರಲ್ಲಿತ್ತು.

"ಸರ, ಫಾರ್ಸ್ ಅಂದ್ರ ಏನ್ರೀ? ಪಾರ್ಸಲ್ ಏನು?"

ಉಳಿದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮಾತ್ರ ಆ ತಪ್ಪು ಬಹಳ ಹಿಡಿಸಿತು. ಪಾರ್ಸೆಲ್ಲಿನ ಹಾಗೆ ಈ ಮಾತಿನ ಹೊಟ್ಟೆಯಲ್ಲೂ ಏನೋ ತುಂಬಿದೆ. ಬಿಚ್ಚಿ ನೋಡಬೇಕು ಅಷ್ಟೆ.

"ನಿಮ್ಮ ಮನ್ಯಾಗ ಹೋಳಿಗಿ ಮಾಡ್ತಾರಲ್ಲ, ಅದರೊಳಗ ಏನು ತುಂಬ್ತಾರ?" ಎಂದು ಕೇಳಿದೆ.

"ಹೂರಣ ರೀ!" ಹನ್ನೊಂದೂ ಬಾಯಿಂದ ಒಂದೇ ಉತ್ತರ.

ಫಾರ್ಸ್ ಅಂದರೆ ಅದೇ. ಹೂರಣ.

ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ 'ಫಾರ್ಸಿರೆ' ಎಂಬ ಕ್ರಿಯಾಪದವಿತ್ತು. ತುಂಬು, ತುರುಕು, ಗಿಡಿ ಎಂದು ಅದರ ಅರ್ಥ. ಕೋಳಿಯ ಹೊಟ್ಟೆಗೆ ಮಸಾಲೆ ತುಂಬಿ ಬೇಯಿಸುವುದಕ್ಕೆ ಯುರೋಪಿನ ಅಡುಗೆಮನೆಗಳಲ್ಲಿ ಇದೇ ಮಾತು ನಡೆಯುತ್ತಿತ್ತು; ಫ್ರಾನ್ಸಿನ ಅಡುಗೆಯವರು ಇವತ್ತಿಗೂ ಒಳಗೆ ತುಂಬುವ ಮಸಾಲೆಯನ್ನು 'ಫಾರ್ಸ್' ಎಂದೇ ಕರೆಯುತ್ತಾರೆ. ನಮ್ಮ ಬದನೆಕಾಯಿ ಎಣ್ಣೆಗಾಯಿಯನ್ನು ಅವರ ಮುಂದಿಟ್ಟು, ಒಳಗಿನ ಶೇಂಗಾ ಪುಡಿ, ಗುರೆಳ್ಳು ಪುಡಿ, ಖಾರ ತೋರಿಸಿದರೆ ಅದಕ್ಕೂ ಅದೇ ಹೆಸರು ಹೇಳಿಯಾರು. ಡಾಕ್ಟರುಗಳ ಬಾಯಲ್ಲೂ ಈ ಮಾತು ಬೇರೊಂದು ವೇಷದಲ್ಲಿದೆ. ಹೃದಯಾಘಾತಕ್ಕೆ ಅವರು 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಎನ್ನುತ್ತಾರೆ. ಆ 'ಇನ್‌ಫಾರ್ಕ್ಷನ್' ಹುಟ್ಟಿದ್ದೂ ತುರುಕು ಎಂಬ ಅದೇ ಬೇರಿನಿಂದ. ನಗಿಸುವ ನಾಟಕ, ತುಂಬಿದ ಕೋಳಿ, ಹೃದಯದ ಕಾಯಿಲೆ ಮೂರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಮಾತುಗಳ ಮನೆತನ ಹುಡುಕುವುದೂ ಒಂದು ವಿಜ್ಞಾನ, ಮಕ್ಕಳೇ. ಕಲ್ಲಿನ ಪದರ ನೋಡಿ ಅದು ಹುಟ್ಟಿದ ಕಾಲ ಹೇಳುವಂತೆ, ಮಾತಿನ ಪದರ ನೋಡಿ ಅದು ನಡೆದು ಬಂದ ದಾರಿ ಹೇಳಬಹುದು.

ನಂಬಿಕೆ ಬಾರದಿದ್ದರೆ ನಮ್ಮ 'ಹೂರಣ'ವನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ 'ಪೂರಣ' ಎಂದರೆ ತುಂಬುವುದು. ಮಹಾರಾಷ್ಟ್ರದವರು ಇಂದಿಗೂ 'ಪುರಣ ಪೋಳಿ' ಎನ್ನುತ್ತಾರೆ. ಆ ಪಕಾರ ನಮ್ಮಲ್ಲಿಗೆ ಬಂದು ಹಕಾರವಾಯಿತು. ಯಾಕೆ? ಪಂಪ ಕವಿ ತನ್ನ ಕಾವ್ಯ ಬರೆದ 10ನೇ ಶತಮಾನದಲ್ಲಿ ಕನ್ನಡಿಗರು ಹಾಲಿಗೆ 'ಪಾಲ್' ಎನ್ನುತ್ತಿದ್ದರು, ಹೂವಿಗೆ 'ಪೂ', ಹಳ್ಳಿಗೆ 'ಪಳ್ಳಿ'. ಆಮೇಲಿನ ಕೆಲವು ನೂರು ವರ್ಷಗಳಲ್ಲಿ ಮಾತಿನ ಮೊದಲಲ್ಲಿದ್ದ ಪಕಾರ ಮೆತ್ತಗಾಗುತ್ತ ಹೋಗಿ ಹಕಾರವಾಯಿತು. 'ಪ' ಹೇಳುವಾಗ ಎರಡು ತುಟಿ ಮುಚ್ಚಿ ಗಾಳಿಯನ್ನು ತಡೆದು ಬಿಡಬೇಕು. 'ಹ' ಹೇಳುವಾಗ ತುಟಿಗೆ ಕೆಲಸವೇ ಇಲ್ಲ, ಗಾಳಿ ತಾನಾಗಿ ಹೋಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಎರಡನ್ನೂ ಹೇಳಿ ನೋಡಿ ಎಂದೆ. ಬಂಡೆಯ ನೆರಳಲ್ಲಿ ಸ್ವಲ್ಪ ಹೊತ್ತು ಪ-ಹ, ಪ-ಹ ಎಂಬ ಸದ್ದೇ ಸದ್ದು. ಗುಡಿಗೆ ಬಂದಿದ್ದ ಮುದುಕಿಯೊಬ್ಬರು ನಿಂತು ನೋಡಿ ಹೋದರು.

ಸರಿ, ಕೋಳಿಯ ಹೊಟ್ಟೆಯಲ್ಲಿದ್ದ ಹೂರಣ ನಾಟಕಕ್ಕೆ ಬಂದದ್ದು ಹೇಗೆ?

ಅಲ್ಲಿ ನಡುವೆ ಒಂದು ಚರ್ಚ್ ಬರುತ್ತದೆ. ನಡುಗಾಲದ ಯುರೋಪಿನಲ್ಲಿ ಪ್ರಾರ್ಥನೆಯ ಹಳೆಯ ಸಾಲುಗಳ ನಡುವೆ ಹೊಸ ಮಾತುಗಳನ್ನು ಸೇರಿಸಿ ಹಾಡುವ ಪದ್ಧತಿಯಿತ್ತು. ಹಾಗೆ ಸೇರಿಸಿದ್ದಕ್ಕೆ 'ಫಾರ್ಸಾ' ಎಂದರು, ತುಂಬಿದ್ದು ಎಂದು. ಮುಂದೆ ಫ್ರಾನ್ಸಿನಲ್ಲಿ ದೇವರ ಕಥೆಯ ದೊಡ್ಡ ದೊಡ್ಡ ನಾಟಕಗಳು ನಡೆಯತೊಡಗಿದವು. ಗಂಟೆಗಟ್ಟಲೆ ಗಂಭೀರ ಕಥೆ ನೋಡುತ್ತ ಕೂತ ಜನ ಆಕಳಿಸುತ್ತಾರೆ, ಎದ್ದು ಹೋಗುತ್ತಾರೆ. ಆಗ ನಟರು ನಡುನಡುವೆ ನಗೆಯ ತುಣುಕುಗಳನ್ನು ತುರುಕಿದರು. ಆ ತುಣುಕಿಗೂ ಅದೇ ಹೆಸರು ಬಿತ್ತು. 15ನೇ ಶತಮಾನದ ಹೊತ್ತಿಗೆ ಹೂರಣವೇ ಬೇರೆ ತಿಂಡಿಯಾಗಿ ಬೆಳೆದು, ಫಾರ್ಸ್ ಎಂಬ ಸ್ವತಂತ್ರ ನಾಟಕಗಳೇ ಹುಟ್ಟಿಕೊಂಡವು. ಅಲ್ಲಿಂದ ಆ ಮಾತು ಇಂಗ್ಲಿಷಿಗೆ ಹೋಯಿತು.

ಫ್ರಾನ್ಸಿನ ಆ ನಾಟಕಗಳಲ್ಲಿ ಬಹಳ ಹೆಸರಾದದ್ದು ಪಾಥ್ಲಾಂ ಎಂಬ ವಕೀಲನ ಫಾರ್ಸ್. ಅದನ್ನು ಮಕ್ಕಳಿಗೆ ಹೇಳಿದೆ. ಕೈಯಲ್ಲಿ ಕಾಸಿಲ್ಲದ ವಕೀಲ ಪಾಥ್ಲಾಂ ಬಟ್ಟೆ ಅಂಗಡಿಯವನಿಗೆ ಸವಿಸವಿ ಮಾತಾಡಿ, ಹಣ ಕೊಡದೆ ಬಟ್ಟೆ ಎತ್ತಿಕೊಂಡು ಬರುತ್ತಾನೆ. ಅದೇ ಅಂಗಡಿಯವನ ಕುರಿಗಳನ್ನು ಒಬ್ಬ ಕುರಿ ಕಾಯುವವನು ಕದ್ದು ತಿಂದಿರುತ್ತಾನೆ. ಕಟಕಟೆಯೇರಬೇಕಾದ ಕುರಿಯವನು ಈ ವಕೀಲನನ್ನೇ ಹಿಡಿಯುತ್ತಾನೆ. "ನ್ಯಾಯಾಧೀಶರು ಏನೇ ಕೇಳಲಿ, ಬ್ಯಾ ಅನ್ನು, ಬೇರೆ ಮಾತಾಡಬೇಡ" ಎಂದು ವಕೀಲ ಹೇಳಿಕೊಡುತ್ತಾನೆ. ಹೆಸರೇನು? ಬ್ಯಾ. ಕುರಿ ಕದ್ದೆಯಾ? ಬ್ಯಾ. ಇತ್ತ ಅಂಗಡಿಯವನು ತನಗೆ ಮೋಸ ಮಾಡಿದ ವಕೀಲನನ್ನು ಅಲ್ಲೇ ಕಂಡು ಗಲಿಬಿಲಿಗೊಂಡು, ಕುರಿಯ ದೂರಿನ ನಡುವೆ ಬಟ್ಟೆಯ ದೂರು ಬೆರೆಸಿ ಬಡಬಡಿಸುತ್ತಾನೆ. ನ್ಯಾಯಾಧೀಶರು ತಲೆಬುಡ ತಿಳಿಯದೆ ಕುರಿಯವನನ್ನು ಬಿಟ್ಟುಬಿಡುತ್ತಾರೆ. ಹೊರಗೆ ಬಂದ ಮೇಲೆ ವಕೀಲ ಫೀಸು ಕೇಳಿದ.

"ಬ್ಯಾ!" ಎಂದು ನಾನು ಹೇಳುವ ಮೊದಲೇ ಹುಡುಗಿಯೊಬ್ಬಳು ಕೂಗಿದಳು.

ಐನೂರೈವತ್ತು ವರ್ಷ ಹಳೆಯ ನಾಟಕದ ಕೊನೆಯನ್ನು ಅವಳು ತಾನೇ ಕಂಡುಹಿಡಿದುಬಿಟ್ಟಳು. ಅವರ ಮನೆಯಲ್ಲಿ ಕುರಿ ಇವೆ. ಅದೂ ಸಹಾಯಕ್ಕೆ ಬಂದಿರಬೇಕು. ಆ ನಾಟಕದ ನ್ಯಾಯಾಧೀಶ ಅಂಗಡಿಯವನಿಗೆ ಮತ್ತೆ ಮತ್ತೆ ಕುರಿಗಳ ವಿಷಯಕ್ಕೆ ವಾಪಸು ಬಾ ಎನ್ನುತ್ತಾನೆ. 'ನಮ್ಮ ಕುರಿಗಳಿಗೆ ಮರಳೋಣ' ಎಂಬುದು ಫ್ರೆಂಚರಿಗೆ ಗಾದೆಯಂತಾಗಿದೆ. ಮಾತು ಎಲ್ಲೆಲ್ಲೋ ಹರಿದಾಗ ಅವರು ಇವತ್ತಿಗೂ ಹಾಗೆ ಹೇಳುತ್ತಾರೆ.

ಈಗ ನಮ್ಮ ಕುರಿಗಳಿಗೆ ಮರಳೋಣ. ಪೇಪರಿನಲ್ಲಿ ಸಭೆಗೆ ಫಾರ್ಸ್ ಎಂದು ಯಾಕೆ ಬರೆದರು? ಅಲ್ಲಿ ಯಾರೂ ನಾಟಕ ಆಡಿರಲಿಲ್ಲವಲ್ಲ. ಫಾರ್ಸ್ ನಾಟಕದಲ್ಲಿ ಎಲ್ಲವೂ ಅತಿ. ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವುದು, ಒಬ್ಬ ಒಳಬಂದಾಗ ಮತ್ತೊಬ್ಬ ಗುಡಾಣದಲ್ಲಿ ಅಡಗುವುದು, ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ನೋಡುವವರಿಗೆ ಇದು ನಿಜವಲ್ಲ ಎಂದು ಮೊದಲಿನಿಂದಲೂ ಗೊತ್ತು. ಹಾಗೆಯೇ, ನಿಜವಾಗಿ ನಡೆಯಬೇಕಾದ ಕೆಲಸವೊಂದು ಬರೀ ತೋರಿಕೆಗೆ ನಡೆದರೆ, ತೀರ್ಮಾನ ಮೊದಲೇ ಆಗಿಹೋಗಿದ್ದು ಆಮೇಲೆ ಸುಮ್ಮನೆ ಕೈ ಎತ್ತಿಸಿದರೆ, ಅದನ್ನೂ ಫಾರ್ಸ್ ಎನ್ನುತ್ತಾರೆ. ಮೊದಲನೆಯ ಅರ್ಥದಲ್ಲಿ ನಗು ಇದೆ, ಎರಡನೆಯದರಲ್ಲಿ ಸಿಟ್ಟಿದೆ. ಓದುವಾಗ ಯಾವುದು ಎಂದು ನೋಡಿಕೊಳ್ಳಬೇಕು.

ಕನ್ನಡದಲ್ಲಿ ಇದಕ್ಕೆ 'ಪ್ರಹಸನ' ಎಂಬ ಮಾತಿದೆ. 'ಹಸ್' ಎಂದರೆ ನಗು. ಅದೇ ಬೇರಿನಿಂದ ಹಾಸ್ಯ, ಪರಿಹಾಸ, ಹಸನ್ಮುಖ ಎಲ್ಲ ಬಂದಿವೆ. ಭರತನ ನಾಟ್ಯಶಾಸ್ತ್ರ ಹೇಳುವ ಹತ್ತು ಬಗೆಯ ರೂಪಕಗಳಲ್ಲಿ ಪ್ರಹಸನವೂ ಒಂದು. ಕಂಚಿಯ ಪಲ್ಲವ ದೊರೆ ಮಹೇಂದ್ರವರ್ಮ 7ನೇ ಶತಮಾನದ ಆರಂಭದಲ್ಲಿ 'ಮತ್ತವಿಲಾಸ' ಎಂಬ ಪ್ರಹಸನ ಬರೆದ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಜೊತೆ ಯುದ್ಧ ಮಾಡಿದವನು ಇದೇ ಮಹೇಂದ್ರವರ್ಮ. ಅಷ್ಟು ದೊಡ್ಡ ಯುದ್ಧಗಳ ಕಾಲದಲ್ಲಿ, ತಲೆಬುರುಡೆಯ ಭಿಕ್ಷಾಪಾತ್ರೆ ಕಳೆದುಕೊಂಡು ಊರೆಲ್ಲ ಜಗಳ ಎಬ್ಬಿಸಿದ ಕಾಪಾಲಿಕ ಸನ್ಯಾಸಿಯೊಬ್ಬನ ನಗೆಯ ಕಥೆ ಬರೆಯಲು ದೊರೆಗೆ ಬಿಡುವಾಯಿತು. ಪಾತ್ರೆ ಕದ್ದದ್ದು ಒಂದು ನಾಯಿ! ಕನ್ನಡದಲ್ಲಿ 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದರು. ಹಣ ತೆಗೆದುಕೊಂಡು ಎಳೆಯ ಹುಡುಗಿಯರನ್ನು ಮದುವೆ ಮಾಡಿಕೊಡುತ್ತಿದ್ದ ಕೆಟ್ಟ ರೂಢಿಯನ್ನು ಅದು ಬಯಲಿಗೆಳೆಯಿತು. ನೆರೆಯ ಮರಾಠಿ ರಂಗಭೂಮಿಯಲ್ಲಂತೂ ಫಾರ್ಸ್ ಎಂಬ ಮಾತೇ ಮನೆಮಾತು.

ಒಂದು ಬೆರಗಿನ ಸಂಗತಿ ಇಲ್ಲಿದೆ. ನಮ್ಮ ಪತ್ರಿಕೆಗಳಲ್ಲಿ 'ವಿಚಾರಣೆಯ ಪ್ರಹಸನ' ಎಂದು ಬರೆದರೆ ಬರೀ ತೋರಿಕೆಯ ವಿಚಾರಣೆ ಎಂದೇ ಅರ್ಥ. ಹೂರಣದಿಂದ ಹೊರಟ ಒಂದು ಮಾತು, ನಗುವಿನಿಂದ ಹೊರಟ ಇನ್ನೊಂದು ಮಾತು, ಎರಡೂ ಕೊನೆಗೆ ಒಂದೇ ಊರು ಸೇರಿವೆ.

ಇಷ್ಟು ಹೇಳುವಷ್ಟರಲ್ಲಿ ಮಕ್ಕಳ ಕಣ್ಣು ಅತ್ತಿತ್ತ ಹೊರಳತೊಡಗಿತು. ಫ್ರಾನ್ಸು, ಕಂಚಿ ಎಲ್ಲ ದೂರದ ಮಾತು. "ನಮ್ಮ ಕಡೆ ಇಲ್ಲೇನ್ರೀ?" ಎಂದ ಒಬ್ಬ.

ಇಲ್ಲದೆ ಏನು? ನಡುನಡುವೆ ನಗೆಯ ಹೂರಣ ತುಂಬುವ ಕಲೆಯನ್ನು ಕೊಪ್ಪಳ ಸೀಮೆಯಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ದೊಡ್ಡಾಟದಲ್ಲಿ ರಾಜ ಅಬ್ಬರಿಸುತ್ತ ರಂಗಕ್ಕೆ ಬಂದಾಗ "ನೀವು ಯಾರು, ಯಾವೂರು" ಎಂದು ಕೇಳುವ ಸಾರಥಿ ಇದ್ದಾನೆ. ಅವನಿಗಿಂತಲೂ ನನಗೆ ಪ್ರೀತಿಯವನು ತೊಗಲುಗೊಂಬೆ ಆಟದ ಕಿಳ್ಳೇಕ್ಯಾತ. ಆಟ ಆಡಿಸುವ ಸಮುದಾಯಕ್ಕೇ ಅವನ ಹೆಸರು ಬಂದಿದೆ. ಈ ಕಡೆ ಶಿಳ್ಳೇಕ್ಯಾತರು ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಗೊಂಬೆಗಳಿಗಾಗಿ. ಆಗ ಅವರಿಗೆ 96 ವರ್ಷ. ರಾಮಾಯಣ, ಮಹಾಭಾರತದ ಗೊಂಬೆಗಳನ್ನು ಅವರು ಊರೂರಿಗೆ ಅಷ್ಟೇ ಅಲ್ಲದೆ ದೇಶದಾಚೆಗೂ ಒಯ್ದು ಆಡಿಸಿದವರು. ಹತ್ತು ಜನರ ಮುಂದೆ ಒಂದು ಪದ್ಯ ಹೇಳಲು ನಾಚುವ ನನ್ನ ಮಕ್ಕಳಿಗೆ ಈ ಅಜ್ಜಿಯ ವಿಷಯ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ.

ಆಟ ಹೀಗೆ. ಬಿಳಿ ಬಟ್ಟೆಯ ಪರದೆ, ಹಿಂದೆ ದೀಪ. ಹಿಂದಿನ ಕಾಲದಲ್ಲಿ ಹರಳೆಣ್ಣೆಯ ದೀಪ, ಈಗ ಬಲ್ಬು. ಮಳೆ ಬಾರದ ವರ್ಷ ಮಳೆಗಾಗಿ ಹರಸಿಕೊಂಡು ಊರವರು ಆಟ ಆಡಿಸುತ್ತಿದ್ದರು. ಮೊದಲು ಗಣಪತಿ ಪರದೆಗೆ ಬರುತ್ತಾನೆ. ಆಮೇಲೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ರಾಮ, ರಾವಣರ ಗೊಂಬೆ ದೊಡ್ಡವು, ಇವನದು ಚಿಕ್ಕದು. ದೊರೆಗಳ ಗೊಂಬೆ ದೊಡ್ಡದಾಗಿ, ಸಾಮಾನ್ಯರದು ಸಣ್ಣದಾಗಿ ಮಾಡುವುದು ಈ ಕಲೆಯ ವಾಡಿಕೆ. ಕಪ್ಪು ಮೈ, ಗುಡಾಣ ಹೊಟ್ಟೆ. ಆದರೆ ಅವನ ಮೈ ನೋಡಿ ಬರುವ ನಗು ಒಂದು ಗಳಿಗೆಯದು, ಅದನ್ನು ನಾನು ದೊಡ್ಡ ನಗೆ ಎಂದು ಎಣಿಸುವುದಿಲ್ಲ. ಅವನ ಮಾತಿನಿಂದ ಬರುವ ನಗು ರಾತ್ರಿಯಿಡೀ ಇರುತ್ತದೆ. ಹನುಮಂತ ಸಮುದ್ರ ಹಾರಲು ಸಿದ್ಧನಾಗಿ ಬೆಳೆಯುತ್ತಿರುವಾಗ, ಲಂಕೆಗೆ ಬಸ್ಸು ಎಷ್ಟಕ್ಕೆ ಬಿಡುತ್ತದೆ ಎಂದು ಇವನು ಕೇಳಿದ ಎಂದುಕೊಳ್ಳಿ. ಅಂಥ ಪ್ರಶ್ನೆಗಳು ಅವನವು. ಊರಿನ ಇವತ್ತಿನ ಸುದ್ದಿ, ಪೇಟೆಯ ರೇಟು, ದೊಡ್ಡವರ ದರ್ಪ ಎಲ್ಲ ಅವನ ಬಾಯಲ್ಲಿ ಬರುತ್ತವೆ. ರಾಮಾಯಣದ ಕಣಕದೊಳಗೆ ಊರಿನ ಹೂರಣ.

ಕತ್ತಲಲ್ಲಿ ನಡೆಯುವ ಈ ಆಟದಲ್ಲಿ ನೆರಳಿಗೂ ಬಣ್ಣವಿರುತ್ತದೆ, ಗೊತ್ತೇ? ಕೇರಳದ ತೋಲ್‌ಪಾವಕೂತ್ತಿನ ಗೊಂಬೆಗಳ ನೆರಳು ಕಪ್ಪು. ನಮ್ಮಲ್ಲಿ ಮತ್ತು ಆಂಧ್ರದಲ್ಲಿ ಪರದೆಯ ಮೇಲೆ ಕೆಂಪು, ಹಸಿರು ಬೀಳುತ್ತವೆ, ಯಾಕೆಂದರೆ ಗೊಂಬೆಯ ತೊಗಲನ್ನು ಬೆಳಕು ದಾಟಿ ಬರುವ ಹಾಗೆ ಮಾಡಿರುತ್ತಾರೆ. ಆಡಿನ ತೊಗಲಿನ ಕೂದಲು, ಕೊಬ್ಬು ಹೆರೆದು, ಬಿಗಿದು ಕಟ್ಟಿ ಒಣಗಿಸಿದರೆ ಅದರೊಳಗಿನ ನಾರುಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಗಾಳಿಗೆ ಜಾಗ ಉಳಿಯುವುದು ಕಡಿಮೆ. ಚಪ್ಪಲಿಯ ತೊಗಲು ಹಾಗಲ್ಲ. ಅದನ್ನು ಹದ ಮಾಡುವಾಗ ನಾರುಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ, ಬೆಳಕು ಆ ಸಂದಿಗೊಂದಿಯಲ್ಲಿ ಚದುರಿ ಕಳೆದುಹೋಗುತ್ತದೆ. ಗೊಂಬೆಯ ಒಡವೆ, ಕಿರೀಟದ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ದೀಪದ ಬೆಳಕು ಅಲ್ಲಿಂದ ನೇರ ಹಾದು ಬಂದು ಮುತ್ತು ಮಿನುಗಿದ ಹಾಗೆ ಕಾಣುತ್ತದೆ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಗೆರೆ ಸ್ಪಷ್ಟ. ದೀಪದತ್ತ ಹಿಂದಕ್ಕೆಳೆದರೆ ನೆರಳು ದೊಡ್ಡದಾಗಿ, ಅಂಚು ಮಸುಕಾಗಿ, ರಾಕ್ಷಸ ದೂರದಿಂದ ಬರುತ್ತಿರುವ ಹಾಗೆ! ದೀಪದ ಕುಡಿ ಒಂದು ಚುಕ್ಕಿಯಲ್ಲ, ಅದಕ್ಕೊಂದು ಅಗಲವಿದೆ. ಅದರ ಒಂದು ಬದಿಯ ಬೆಳಕು ಕಾಣುವ ಜಾಗದಿಂದ ಇನ್ನೊಂದು ಬದಿಯದು ಮರೆಯಾಗಿರುತ್ತದೆ, ಹಾಗಾಗಿ ಅಂಚಿನಲ್ಲಿ ಅರೆನೆರಳು.

ಇನ್ನು ಕಿಳ್ಳೇಕ್ಯಾತ ಮಾತಾಡಿದರೆ ನಗು ಯಾಕೆ ಬರುತ್ತದೆ?

ಒಂದು ವಾಕ್ಯ ಹೇಳಿ ನೋಡಿದೆ. "ಅವ್ವ ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚಿ, ಮಡಚಿ, ಕಾಲಿಗೆ ಹಾಕ್ಕೊಂಡ್ಲು." ಮೊದಲು ಒಂದು ಚಿಟಿಕೆ ಮೌನ, ಆಮೇಲೆ ನಗು. ಅಂಥ ಚಿಟಿಕೆ ಹೊತ್ತಿನಲ್ಲಿ ಮಿದುಳಿನೊಳಗೆ ಏನಾಗುತ್ತದೆ ಎಂದು ವಿಜ್ಞಾನಿಗಳು ಅಳೆದಿದ್ದಾರೆ. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬ ಇಬ್ಬರು, ಜನರ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಹೀಗೆಯೇ ಕೊನೆಯ ಮಾತು ದಾರಿ ತಪ್ಪುವ ವಾಕ್ಯಗಳನ್ನು ಓದಿಸಿದರು. ಹೊಂದದ ಮಾತು ಬಂದು 400 ಮಿಲಿಸೆಕೆಂಡು, ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಾಗುವಾಗ ಮಿದುಳಿನ ವಿದ್ಯುತ್ತಿನ ಗೆರೆಯಲ್ಲಿ ಒಂದು ಅಲೆ ಏಳುವುದು ಅವರಿಗೆ ಕಂಡಿತು. ನಿಮ್ಮ ಮಿದುಳು ಸುಮ್ಮನೆ ಕೇಳುತ್ತ ಕೂತಿರುವುದಿಲ್ಲ. ಮುಂದಿನ ಮಾತು ಯಾವುದೆಂದು ಪ್ರತಿಕ್ಷಣ ಊಹಿಸುತ್ತಿರುತ್ತದೆ. ರೊಟ್ಟಿ, ಬೆಣ್ಣೆ, ಮಡಚಿ ಎಂದಾಗ 'ತಿಂದಳು' ಎಂಬ ಮಾತಿಗೆ ಅದು ಬಾಗಿಲು ತೆರೆದು ನಿಂತಿತ್ತು, ಒಳಗೆ ಬಂದದ್ದು ಕಾಲು! ಊಹೆ ತಪ್ಪಿತು, ಆದರೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇವೆರಡೂ ಸೇರಿದಾಗ ನಗು ಬರುತ್ತದೆ ಎಂಬುದು ನಗೆಯನ್ನು ಓದಿದ ಬಹಳ ಜನರ ಅಭಿಪ್ರಾಯ. ತೊಂದರೆಯಾದರೆ ನಗು ನಿಂತುಬಿಡುತ್ತದೆ. ಕೋಟೆಯ ಮೆಟ್ಟಿಲಲ್ಲಿ ಒಬ್ಬಳು ಬೆಳಿಗ್ಗೆ ಜಾರಿದಾಗ ಎಲ್ಲರೂ ನಕ್ಕಿರಿ, ಮೊಣಕಾಲಲ್ಲಿ ರಕ್ತ ಕಂಡ ಕೂಡಲೇ ಓಡಿಹೋಗಿ ನೀರು ತಂದಿರಿ. ನಿಮ್ಮ ಮಿದುಳು ಒಂದು ಕ್ಷಣದಲ್ಲಿ ಲೆಕ್ಕ ಬದಲಿಸಿತು.

ಕಚಗುಳಿಯಲ್ಲೂ ಇದೇ ಊಹೆಯ ಆಟ. ನಿಮ್ಮ ಕಂಕುಳಿಗೆ ನೀವೇ ಕಚಗುಳಿ ಇಟ್ಟುಕೊಳ್ಳಿ ಎಂದೆ. ಹನ್ನೊಂದೂ ಜನ ಇಟ್ಟುಕೊಂಡರು, ಯಾರಿಗೂ ಆಗಲಿಲ್ಲ. (ಎಲ್ಲರೂ ಒಟ್ಟಿಗೆ ಹಾಗೆ ಮಾಡುವುದನ್ನು ನೋಡಿ ನಗು ಬಂತು, ಅದು ಬೇರೆ.) ನಿಮ್ಮ ಕೈ ಎಲ್ಲಿಗೆ ಹೋಗುತ್ತಿದೆ ಎಂದು ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿಗೆ ಮೊದಲೇ ಗೊತ್ತು. ಗೊತ್ತಿರುವ ಸ್ಪರ್ಶವನ್ನು ಅದು ತಗ್ಗಿಸಿಬಿಡುತ್ತದೆ. 1998ರಲ್ಲಿ ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಗಾರರು ಮಿದುಳಿನ ಚಿತ್ರ ತೆಗೆದು ಇದನ್ನು ತೋರಿಸಿದರು. ಗೆಳೆಯನ ಬೆರಳನ್ನು ಊಹಿಸಲಾಗದು, ಅದಕ್ಕೇ ಅದು ಕುಣಿಸುತ್ತದೆ. ಇಲಿಗಳೂ ಕಚಗುಳಿಗೆ ಚಿಂವ್‌ಗುಟ್ಟುತ್ತವೆ. ಜಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ ಇಲಿಗಳಿಗೆ ಕಚಗುಳಿ ಇಟ್ಟು, ಸುಮಾರು 50 ಕಿಲೋಹರ್ಟ್ಸಿನ ಆ ಸದ್ದನ್ನು ಉಪಕರಣದಲ್ಲಿ ಹಿಡಿದರು. ನಮ್ಮ ಕಿವಿಗೆ 20ರ ಆಚೆ ಕೇಳುವುದಿಲ್ಲ. ಅಟ್ಟದ ಮೇಲೆ ಇಲಿಗಳು ನಗುತ್ತಿದ್ದರೂ ನಮಗೆ ತಿಳಿಯದು.

ನಗುವಿನ ಸದ್ದನ್ನೇ ಬಿಡಿಸಿ ನೋಡಿದವರು ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ. 'ಹ' ಎಂಬ ಒಂದೊಂದು ತುಣುಕು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ ಇರುತ್ತದೆ, ಸೆಕೆಂಡಿನ ಐದನೇ ಒಂದು ಭಾಗಕ್ಕೊಮ್ಮೆ ಮರಳಿ ಬರುತ್ತದೆ. ಎದೆಗೂಡಿನ ಕೆಳಗಿನ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಹೊರಹೋಗುವ ಒಂದೇ ಉಸಿರನ್ನು ಹೀಗೆ ತುಂಡು ತುಂಡು ಮಾಡುತ್ತವೆ. ಅದಕ್ಕೇ ಬಹಳ ನಕ್ಕರೆ ಹೊಟ್ಟೆ ಹಿಡಿದುಕೊಳ್ಳುತ್ತೇವೆ. ಪ್ರೊವೈನ್ ಜನ ಸೇರುವ ಜಾಗಗಳಲ್ಲಿ ಸುಮ್ಮನೆ ಕಿವಿಗೊಟ್ಟು ನಿಂತು 1200 ನಗುಗಳನ್ನು ಬರೆದುಕೊಂಡರು. ಬಹುಪಾಲು ನಗು ಜೋಕಿಗೆ ಬಂದದ್ದಲ್ಲ. "ಬರ್ತೀನಿ", "ಹೌದಾ" ಎಂಬಂಥ ಸಪ್ಪೆ ಮಾತುಗಳ ಹಿಂದೆ ಬಂದದ್ದು. ಒಬ್ಬರೇ ಇದ್ದಾಗಿನದಕ್ಕಿಂತ ಬೇರೆಯವರ ಜೊತೆಗಿದ್ದಾಗ ನಾವು ನಗುವುದು 30 ಪಟ್ಟು ಹೆಚ್ಚು ಎಂದೂ ಅವರು ಕಂಡರು. ಗೊಂಬೆಯಾಟವನ್ನು ಇಡೀ ಊರು ಒಂದೇ ಕಂಬಳಿಯ ಮೇಲೆ ಕೂತ ಹಾಗೆ ಒತ್ತೊತ್ತಾಗಿ ಕೂತು ನೋಡುತ್ತಿತ್ತಲ್ಲ, ಆ ನಗೆಯ ಬಲ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಮೊಬೈಲಿನಲ್ಲಿ ಒಬ್ಬರೇ ನೋಡಿದಾಗ ತುಟಿ ಮಾತ್ರ ಅಲ್ಲಾಡುತ್ತದೆ.

ತುಟಿ ಅಲ್ಲಾಡುವುದಕ್ಕೂ ನಮ್ಮವರು ಹೆಸರಿಟ್ಟಿದ್ದಾರೆ. ನಾಟ್ಯಶಾಸ್ತ್ರ ನಗುವಿನಲ್ಲಿ ಆರು ಮೆಟ್ಟಿಲು ಹೇಳುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳುವವರೆಗೆ. 1862ರಲ್ಲಿ ಫ್ರಾನ್ಸಿನ ವೈದ್ಯ ದ್ಯುಶೆನ್ ಬರೆದದ್ದು ಇನ್ನೊಂದು: ತುಟಿಯನ್ನು ಬೇಕೆಂದಾಗ ಅಗಲಿಸಬಹುದು, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸು ನಕ್ಕಾಗ ಮಾತ್ರ ಚೆನ್ನಾಗಿ ಬಿಗಿಯುತ್ತದೆ. ಫೋಟೊಕ್ಕೆ ನಕ್ಕ ನಗುವಿನಲ್ಲಿ ಬಹಳ ಸಲ ಕಣ್ಣು ಹಾಗೇ ಇರುತ್ತದೆ, ನಿಮ್ಮ ಶಾಲೆಯ ಗುಂಪು ಫೋಟೊ ತೆಗೆದು ನೋಡಿ.

ಹೊತ್ತು ಇಳಿಯುತ್ತಿತ್ತು. ಹೊರಡೋಣ ಎಂದು ಪೇಪರುಗಳನ್ನೆಲ್ಲ ಒಟ್ಟು ಮಾಡುವಾಗ, ಮೊದಲು ಪ್ರಶ್ನೆ ಕೇಳಿದ ಹುಡುಗ ತನ್ನ ಪೇಪರನ್ನು ಬಿಸಿಲಿಗೆ ಹಿಡಿದ. ಮಿರ್ಚಿಯ ಎಣ್ಣೆ ಹೀರಿದ ಜಾಗ ಹೊಳೆಯುತ್ತಿತ್ತು, ಉಳಿದದ್ದು ಮಂಕು. "ಸರ, ಇಲ್ಲಿ ಬೆಳಕು ದಾಟ್ತೈತಿ ನೋಡ್ರಿ. ತೊಗಲಿನಂಗ!"

ನಾನು ಹೇಳಬೇಕೆಂದು ಯೋಚಿಸಿಯೂ ಇರದ ಪಾಠವನ್ನು ಅವನು ತೆಗೆದಿದ್ದ. ಕಾಗದ ಅಂದರೆ ಸಣ್ಣ ನಾರುಗಳ ಹೆಣಿಗೆ, ನಡುವೆ ಗಾಳಿ ತುಂಬಿದ ಲೆಕ್ಕವಿಲ್ಲದಷ್ಟು ಸಂದುಗಳು. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗಲೆಲ್ಲ ಬಾಗುತ್ತದೆ, ಚದುರುತ್ತದೆ, ಹಿಂದಕ್ಕೆ ಬರುತ್ತದೆ. ಕಾಗದ ಬೆಳ್ಳಗೆ ಕಾಣುವುದು ಇದರಿಂದಲೇ. ಎಣ್ಣೆ ಬಂದು ಆ ಸಂದುಗಳಲ್ಲಿ ಗಾಳಿಯ ಜಾಗವನ್ನು ತುಂಬಿಕೊಂಡಿತು. ಬೆಳಕನ್ನು ಬಾಗಿಸುವ ಗುಣದಲ್ಲಿ ಎಣ್ಣೆಗೂ ಕಾಗದದ ನಾರಿಗೂ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ಬೆಳಕು ಅಷ್ಟು ಚದುರದೆ ದಾಟಿಹೋಯಿತು.

"ಅಂದ್ರ ಕಾಗದದಾಗ ಎಣ್ಣಿ ಹೂರಣ ಆತು," ಎಂದಳು ಕುರಿಯ ಮನೆಯ ಹುಡುಗಿ.

ಆಮೇಲೆ ಯಾರೂ ಹೊರಡಲಿಲ್ಲ. ಎಣ್ಣೆಯ ಭಾಗವನ್ನೇ ನೋಡಿ ಉಗುರಿನಿಂದ ಗೀರಿ, ಹರಿದು, ಒಂದು ಹೊಟ್ಟೆ, ಒಂದು ಮೂಗು, ಎರಡು ಕೈ ಮಾಡಿದರು. ಜಾಲಿಯ ಮುಳ್ಳಿನಿಂದ ಕಣ್ಣು ಚುಚ್ಚಿದರು. ಕಡ್ಡಿಗೆ ಸಿಕ್ಕಿಸಿದರು. ಇಳಿಬಿಸಿಲು ಬಿದ್ದ ಬಂಡೆಯೇ ಪರದೆಯಾಯಿತು. ಕಿಳ್ಳೇಕ್ಯಾತನ ಹೊಟ್ಟೆಯ ಮೇಲೆ, ತಿರುವುಮುರುವಾಗಿ, ಆ ದಪ್ಪ ಅಕ್ಷರಗಳ ನೆರಳು ಬಿದ್ದಿತ್ತು. ಯಾರೋ ಅವನ ಕೈ ಅಲ್ಲಾಡಿಸಿ, ಗುಡ್ಡಕ್ಕೆ ಕೇಳುವಂತೆ, "ಎಲ್ಲಾರೂ ಹೊಂಟ್ರೇನ್ರೀ? ನನ್ನ ಮಿರ್ಚಿ ಎಲ್ಲಿ?" ಎಂದು ಕೂಗಿದರು.